ಗ್ರಂಥಪಾಲಕರ ಸ್ವಯಂಸೇವೆ ಮತ್ತು ಸಂಶೋಧನೆ: ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಹಿನ್ನೆಲೆಯಲ್ಲಿ

ಕಪಿಲಾ ನದಿಯು ನಂಜನಗೂಡನ್ನು ಹಾದು, ಸುತ್ತೂರಿನ ಬದಿಯಿಂದ ಹರಿದು, ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುವವರೆಗಿನ ಸೀಮೆಯು ಆಡಳಿತದ ದೃಷ್ಟಿಯಿಂದ ಎರಡು ತಾಲ್ಲೂಕುಗಳಾಗಿ ಹಂಚಿಹೋಗಿದ್ದರೂ ಸಂಶೋಧಕರ ಪಾಲಿಗೆ ಬಹುಕಾಲದಿಂದ ಒಂದೇ ಆಕರಭೂಮಿಯಾಗಿದೆ. ಬಿ. ಎಲ್. ರೈಸ್ ಅವರು 1894ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಮೂರನೆಯ ಸಂಪುಟದಲ್ಲಿ ಈ ಎರಡೂ ತಾಲ್ಲೂಕುಗಳ ಶಾಸನಗಳು ಒಟ್ಟಿಗೆ ಅಚ್ಚಾದವು. ಸೋಮನಾಥಪುರದ ಕೇಶವ ದೇವಾಲಯವನ್ನು ಕುರಿತು ಆರ್. ನರಸಿಂಹಾಚಾರ್ ಅವರು ಬರೆದ ಪುಸ್ತಕವು 1917ರಲ್ಲಿ ಮೈಸೂರು ಪುರಾತತ್ತ್ವ ಮಾಲೆಯ ಮೊದಲ ಪ್ರಕಟಣೆಯಾಗಿ ಬಂದಿತು. 1959-60ರಲ್ಲಿ ತಿ. ನರಸೀಪುರದಲ್ಲಿ ಆರಂಭವಾದ ಉತ್ಖನನದಲ್ಲಿ ನವಶಿಲಾಯುಗದ ಸಮಾಧಿಗಳೂ ಮಣ್ಣಿನ ತಲೆದಿಂಬುಗಳೂ ದೊರೆತು, ಅದರ ವರದಿಯನ್ನು ಎಂ. ಶೇಷಾದ್ರಿಯವರು 1971ರಲ್ಲಿ ಪ್ರಕಟಿಸಿದರು. ಗಂಗರ ರಾಜಧಾನಿಯಾಗಿದ್ದ ತಲಕಾಡು ಇರುವುದೂ, ಮೈಸೂರು ಸಂಸ್ಥಾನದ ದಳವಾಯಿಗಳ ಊರಾದ ಕಳಲೆ ಇರುವುದೂ ಈ ಸೀಮೆಯಲ್ಲೇ. ಹೀಗೆ ಆಕರಗಳು ಇಲ್ಲಿ ಹುಟ್ಟಿದವು. ಅವುಗಳನ್ನು ಓದುವ, ಸೂಚಿಯಲ್ಲಿ ಸೇರಿಸುವ, ಮುದ್ರಿಸುವ ಕೆಲಸವೆಲ್ಲ ಮೈಸೂರು ಮತ್ತು ಬೆಂಗಳೂರುಗಳಲ್ಲಿ ನಡೆಯಿತು. ಮುದ್ರಿತವಾದುದು ತಾಲ್ಲೂಕಿನ ಓದುಗನಿಗೆ ಮರಳಿ ತಲುಪಬೇಕಾದರೆ ನಡುವೆ ನಿಲ್ಲಬೇಕಾದವನು ಗ್ರಂಥಪಾಲಕ. ಅವನು ಕೇವಲ ಪುಸ್ತಕಗಳ ಕಾವಲುಗಾರನಾಗಿ ಉಳಿಯಬೇಕೆ, ತಾನೂ ಪ್ರಶ್ನೆ ಕೇಳುವ ಸಂಶೋಧಕನಾಗಬೇಕೆ ಎಂಬ ವಿಚಾರವು ನಮ್ಮ ನಾಡಿನ ಗ್ರಂಥಾಲಯ ಚರಿತ್ರೆಯ ಉದ್ದಕ್ಕೂ ಹರಿದುಬಂದಿದ್ದು, ಅದಕ್ಕೆ ದೊರೆತ ಉತ್ತರಗಳಲ್ಲಿ ಹೆಚ್ಚಿನವು ಯಾವುದೇ ಸಂಬಳ ಪಡೆಯದೆ ದುಡಿದ ಸಮಿತಿಗಳಿಂದ ಬಂದವು.

ಇಲ್ಲಿ ಸಮಿತಿ ಎಂಬ ಮಾತು ಸರ್ಕಾರದ ಆದೇಶದಿಂದ ರಚಿತವಾಗಿ, ಭತ್ಯೆ ಪಡೆದು, ವರದಿ ಒಪ್ಪಿಸಿ ಮುಗಿದುಹೋಗುವ ಸಮಿತಿಯನ್ನು ಉದ್ದೇಶಿಸಿಲ್ಲ. ಒಂದೇ ವೃತ್ತಿಯಲ್ಲಿರುವವರು ತಮ್ಮ ಕೆಲಸದ ಬಗೆಗಿನ ಒಂದು ಸಂದೇಹವನ್ನು ಬಗೆಹರಿಸಿಕೊಳ್ಳಲು ಕಚೇರಿಯ ಹೊತ್ತಿನ ಆಚೆಗೆ ಕೂಡಿ, ಹೊಣೆಯನ್ನು ಹಂಚಿಕೊಂಡು, ಕಂಡುಕೊಂಡದ್ದನ್ನು ಬರೆದಿಡುವ ಕೂಟವನ್ನು ಅದು ಸೂಚಿಸುತ್ತದೆ. ಸಮ್ಮೇಳನಕ್ಕೆ ಬಂದ ಪ್ರಬಂಧಗಳನ್ನು ಓದಿ ಆರಿಸುವುದು, ಹೊಸಬರ ಬರಹವನ್ನು ತಿದ್ದಿಕೊಡುವುದು, ಪ್ರಶಸ್ತಿಗೆ ಯೋಗ್ಯವಾದ ಅಧ್ಯಯನವನ್ನು ಗುರುತಿಸುವುದು, ಸಮೀಕ್ಷೆಯೊಂದರ ಪ್ರಶ್ನಾವಳಿಯನ್ನು ಸಿದ್ಧಪಡಿಸುವುದು ಇಂಥ ಕೂಟಗಳ ನಿತ್ಯದ ಕೆಲಸ. ಹೊರಗಿನವರ ಕಣ್ಣಿಗೆ ಇದು ಕಾಣುವುದಿಲ್ಲ, ಮಾಡಿದವರ ಹೆಸರು ಬಹಳ ಸಲ ಅಚ್ಚಾಗುವುದೂ ಇಲ್ಲ; ಆದಕಾರಣ ಸಂಸ್ಥೆಗಳ ಚರಿತ್ರೆ ಬರೆಯುವವರು ಕಟ್ಟಡಗಳ ಉದ್ಘಾಟನೆಯನ್ನೂ ಅಧ್ಯಕ್ಷರ ಪಟ್ಟಿಯನ್ನೂ ದಾಖಲಿಸಿ ಈ ದುಡಿಮೆಯನ್ನು ಬಿಟ್ಟುಬಿಡುತ್ತಾರೆ.

ಮೈಸೂರಿನಲ್ಲಿ ಗ್ರಂಥಪಾಲಕನೇ ಸಂಶೋಧಕನಾದ ಮೊದಲ ದೊಡ್ಡ ನಿದರ್ಶನಕ್ಕೆ ಹಿನ್ನೆಲೆಯಾಗಿ ಸಮಿತಿ ಇರಲಿಲ್ಲ. ಹತ್ತನೆಯ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1891ರಲ್ಲಿ ಸ್ಥಾಪನೆಯಾದ ಪ್ರಾಚ್ಯ ಪುಸ್ತಕ ಭಂಡಾರದಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ತಂಜಾವೂರು ಕಡೆಯ ಪಂಡಿತರೊಬ್ಬರು ತಂದೊಪ್ಪಿಸಿದ ಓಲೆಗರಿಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, 1905ರಿಂದ ಅದರ ಭಾಗಗಳನ್ನು ಬೆಳಕಿಗೆ ತಂದು, 1909ರಲ್ಲಿ ಸಂಸ್ಕೃತ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಈ ಘಟನೆಯನ್ನು ಅದೃಷ್ಟದ ಕತೆಯಾಗಿ ಹೇಳುವುದು ವಾಡಿಕೆಯಾಗಿದೆ. ಆದರೆ ಬಂದ ಪ್ರತಿಯೊಂದು ಕಟ್ಟನ್ನೂ ಬಿಚ್ಚಿ, ಓದಿ, ಗ್ರಂಥದ ಹೆಸರು, ಕರ್ತೃ, ಲಿಪಿ, ಗರಿಗಳ ಸಂಖ್ಯೆ ಇವನ್ನು ಕ್ರಮವಾಗಿ ಬರೆದಿಡುವ ಸೂಚೀಕರಣವು ಗ್ರಂಥಪಾಲಕನ ದಿನದ ಕರ್ತವ್ಯವಾಗಿದ್ದುದರಿಂದಲೇ ಆ ಓಲೆಗಳು ಮತ್ತೊಮ್ಮೆ ಕಪಾಟು ಸೇರಿ ಮರೆಯಾಗಲಿಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಅದೇ ವೇಳೆಗೆ ಇನ್ನೊಂದು ಮಾತನ್ನೂ ಸೇರಿಸಬೇಕು: ಆ ಸಾಧನೆ ಒಬ್ಬ ವಿದ್ವಾಂಸರ ಶಕ್ತಿಯ ಮೇಲೆ ನಿಂತಿತ್ತು. ಒಬ್ಬರ ಶಕ್ತಿಯ ಮೇಲೆ ನಿಂತದ್ದು ಅವರು ಹುದ್ದೆ ಬದಲಿಸಿದಾಗ ಅವರೊಂದಿಗೇ ಹೋಗುತ್ತದೆ. ಕೂಟದಲ್ಲಿ ಬೆಳೆದ ಕೆಲಸ ಮಾತ್ರ ಮುಂದಿನವರ ಕೈಗೆ ದಾಟುತ್ತದೆ.

ಕೂಟಕಟ್ಟಿ ಕೆಲಸ ಮಾಡುವ ಪದ್ಧತಿಯನ್ನು ಸಂಸ್ಥಾನದ ಸಾರ್ವಜನಿಕ ಜೀವನಕ್ಕೆ ವ್ಯಾಪಕವಾಗಿ ಪರಿಚಯಿಸಿದ ಸಂಸ್ಥೆ 1911ರಲ್ಲಿ ಆರಂಭವಾದ ಮೈಸೂರು ಸಂಪದಭ್ಯುದಯ ಸಮಾಜ. ಕೃಷಿ, ವಿದ್ಯಾಭ್ಯಾಸ, ಕೈಗಾರಿಕೆ ಮತ್ತು ವಾಣಿಜ್ಯ ಎಂಬ ವಿಭಾಗಗಳಿಗೆ ಬೇರೆ ಬೇರೆ ಸಮಿತಿಗಳನ್ನು ರಚಿಸಿ, ಅಧಿಕಾರಿಗಳ ಜೊತೆಯಲ್ಲಿ ಅಧಿಕಾರದಲ್ಲಿಲ್ಲದವರನ್ನೂ ಕೂರಿಸಿಕೊಂಡ ಈ ಸಮಾಜದ ಚರ್ಚೆಗಳ ಫಲವಾಗಿಯೇ 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಅದೇ ಅವಧಿಯಲ್ಲಿ ಬೆಂಗಳೂರು ಮತ್ತು ಮೈಸೂರುಗಳಲ್ಲಿ ಸಾರ್ವಜನಿಕ ಗ್ರಂಥಾಲಯಗಳು ತೆರೆದವು.

ನಂಜನಗೂಡು ಈ ಚರಿತ್ರೆಯೊಳಗೆ ತನ್ನದೇ ಹೆಸರಿನಿಂದ ಪ್ರವೇಶಿಸುವುದು 1947ರಲ್ಲಿ. 1940ರ ದಶಕದ ಆರಂಭದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಆವರಣದಿಂದ ಹೊರಟ ಸಾಕ್ಷರತಾ ಚಟುವಟಿಕೆಯು ಮೈಸೂರು ರಾಜ್ಯ ವಯಸ್ಕರ ಶಿಕ್ಷಣ ಸಮಿತಿಯಾಗಿ ರೂಪುಗೊಂಡು, ರಾತ್ರಿಶಾಲೆಗಳನ್ನೂ ಗ್ರಾಮೀಣ ಪುಸ್ತಕಾಲಯಗಳನ್ನೂ ನಡೆಸುತ್ತ, ಹೊಸದಾಗಿ ಅಕ್ಷರ ಕಲಿತವರಿಗಾಗಿ ‘ಬೆಳಕು’ ವಾರಪತ್ರಿಕೆಯನ್ನೂ ‘ಪುಸ್ತಕ ಪ್ರಪಂಚ’ ಮಾಸಪತ್ರಿಕೆಯನ್ನೂ ಪ್ರಕಟಿಸುತ್ತಿತ್ತು. ಆ ಸಮಿತಿಯು ತನ್ನ ಮೊದಲ ವಿದ್ಯಾಪೀಠವನ್ನು ಸ್ಥಾಪಿಸಿದ್ದು ನಂಜನಗೂಡಿನಲ್ಲಿ. ವಿದ್ಯಾಪೀಠ ಎಂದರೆ ರೈತ ಕುಟುಂಬಗಳ ಯುವಕರು ಕೆಲವು ತಿಂಗಳು ಒಂದೆಡೆ ತಂಗಿ, ವ್ಯವಸಾಯದ ಜೊತೆಗೆ ಓದು, ಚರ್ಚೆ, ನಾಡಿನ ಆಗುಹೋಗುಗಳ ತಿಳಿವಳಿಕೆ ಇವನ್ನು ಪಡೆಯುತ್ತಿದ್ದ ವಸತಿ ಶಾಲೆ. ಡೆನ್ಮಾರ್ಕಿನಲ್ಲಿ ಗ್ರುಂಟ್ವಿಗ್ ಅವರ ವಿಚಾರಗಳಿಂದ ಬೆಳೆದ ಜನತಾ ಶಾಲೆಗಳು ಅದಕ್ಕೆ ಮಾದರಿ. ವಯಸ್ಕರು ಏನನ್ನು ಓದಬಲ್ಲರು, ಯಾವ ಗಾತ್ರದ ಅಕ್ಷರ ಅವರಿಗೆ ಅನುಕೂಲ, ಪುಸ್ತಕಾಲಯಕ್ಕೆ ಒಮ್ಮೆ ಬಂದವರು ಮತ್ತೆ ಏಕೆ ಬರುವುದಿಲ್ಲ ಎಂಬ ಪ್ರಶ್ನೆಗಳು ಇಂಥ ಕೆಲಸದಲ್ಲಿ ತೊಡಗಿದವರ ಮುಂದೆ ದಿನವೂ ಏಳುವಂಥವು. ಇಂದು ಬಳಕೆದಾರರ ಅಧ್ಯಯನ ಎಂಬ ಹೆಸರಿನಲ್ಲಿ, ಅಂದರೆ ಗ್ರಂಥಾಲಯಕ್ಕೆ ಬರುವವರ ಮತ್ತು ಬಾರದಿರುವವರ ಅಗತ್ಯಗಳನ್ನು ಕ್ರಮಬದ್ಧವಾಗಿ ತಿಳಿಯುವ ಶಾಖೆಯಾಗಿ ವಿಶ್ವವಿದ್ಯಾನಿಲಯಗಳಲ್ಲಿ ಕಲಿಸುವ ವಿಷಯದ ಬೇರು ಈ ಭಾಗದಲ್ಲಿ ಅಲ್ಲಿಯೇ ಇದೆ ಎಂದು ಹೇಳುವುದು ಅತಿಶಯೋಕ್ತಿಯಾಗದು. ಗ್ರಂಥಾಲಯ ಚಳವಳಿಯ ಚರಿತ್ರೆಗಳಲ್ಲಿ ನಂಜನಗೂಡಿನ ವಿದ್ಯಾಪೀಠಕ್ಕೆ ದೊರೆತಿರುವ ಸ್ಥಾನ ಅದರ ಯೋಗ್ಯತೆಗೆ ಬಹಳ ಕಡಿಮೆ.

ಗ್ರಂಥಪಾಲಕರು ತಮ್ಮೊಳಗೆ ಸೇರಿ ಸಂಶೋಧನೆ ನಡೆಸಬಹುದು ಎಂಬುದನ್ನು ಭಾರತದಲ್ಲಿ ಮಾಡಿ ತೋರಿಸಿದವರು ಎಸ್. ಆರ್. ರಂಗನಾಥನ್. 1931ರಲ್ಲಿ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳನ್ನು ಪ್ರಕಟಿಸಿದ ಅವರು, ದೆಹಲಿಯಲ್ಲಿದ್ದಾಗ 1951ರಲ್ಲಿ ಗ್ರಂಥಾಲಯ ಸಂಶೋಧನಾ ವೃತ್ತ ಎಂಬ ಕೂಟವನ್ನು ಕಟ್ಟಿದರು. ನಗರದ ಬೇರೆ ಬೇರೆ ಗ್ರಂಥಾಲಯಗಳಲ್ಲಿ ದುಡಿಯುತ್ತಿದ್ದ ಕಿರಿಯರು ಬಿಡುವಿನ ವೇಳೆಯಲ್ಲಿ ಅವರ ಮನೆಯಲ್ಲಿ ಸೇರಿ, ವರ್ಗೀಕರಣದ ತೊಡಕುಗಳನ್ನು ಒಂದೊಂದಾಗಿ ಎತ್ತಿಕೊಂಡು ಚರ್ಚಿಸುತ್ತಿದ್ದರು. ವರ್ಗೀಕರಣ ಎಂದರೆ ಪುಸ್ತಕದ ವಿಷಯವನ್ನು ವಿಶ್ಲೇಷಿಸಿ, ಅದಕ್ಕೆ ಸಂಬಂಧಪಟ್ಟವುಗಳ ನಡುವೆ ಸರಿಯಾದ ಸ್ಥಾನವನ್ನು ಸಂಕೇತದ ಮೂಲಕ ಗೊತ್ತುಪಡಿಸುವ ವಿದ್ಯೆ. ಆ ಕೂಟಕ್ಕೆ ಕಟ್ಟಡವಿರಲಿಲ್ಲ, ಅನುದಾನವಿರಲಿಲ್ಲ, ಅಲ್ಲಿ ಕಲಿತದ್ದಕ್ಕೆ ಪ್ರಮಾಣಪತ್ರವೂ ಇರಲಿಲ್ಲ. ಮರುವರ್ಷ, 1952ರಲ್ಲಿ, ಲಂಡನ್ನಿನಲ್ಲಿ ಬಿ. ಸಿ. ವಿಕರಿ, ಡಿ. ಜೆ. ಫಾಸ್ಕೆಟ್, ಜ್ಯಾಕ್ ಮಿಲ್ಸ್ ಮೊದಲಾದವರು ವರ್ಗೀಕರಣ ಸಂಶೋಧನಾ ಗುಂಪನ್ನು ಆರಂಭಿಸಿದಾಗ ಅವರ ಚಿಂತನೆಗೆ ರಂಗನಾಥನ್ ಅವರ ಮುಖವಿಶ್ಲೇಷಣೆಯೇ ಪ್ರೇರಣೆಯಾಯಿತು. ಒಂದು ವಿಷಯವನ್ನು ಅದರ ವಸ್ತು, ಕ್ರಿಯೆ, ಸ್ಥಳ, ಕಾಲ ಮುಂತಾದ ಮುಖಗಳಾಗಿ ಬಿಡಿಸಿ ಮತ್ತೆ ಜೋಡಿಸುವ ಈ ವಿಧಾನವನ್ನು ಮಾಹಿತಿ ಹುಡುಕಾಟದ ಎಲ್ಲ ಪದ್ಧತಿಗಳಿಗೂ ತಳಹದಿಯಾಗಿಸಬೇಕೆಂದು ಆ ಗುಂಪು 1955ರಲ್ಲಿ ಸಾರಿತು. ಎರಡು ದೇಶಗಳ ಎರಡು ಕೂಟಗಳು, ಎರಡೂ ವೇತನವಿಲ್ಲದ ದುಡಿಮೆಯಿಂದಲೇ ನಡೆದವು. ಇಂದು ಕಂಪ್ಯೂಟರಿನಲ್ಲಿ ಸರಕನ್ನು ಬಣ್ಣ, ಬೆಲೆ, ಗಾತ್ರಗಳ ಪ್ರಕಾರ ಸೋಸಿ ಆರಿಸುವ ವ್ಯವಸ್ಥೆಯ ಹಿಂದಿರುವ ತತ್ತ್ವಕ್ಕೆ ಅವು ಅಡಿಪಾಯ ಹಾಕಿದವು.

ರಂಗನಾಥನ್ ಅವರ ಸಮಿತಿ ಜೀವನದ ಮತ್ತೊಂದು ಮುಖ ಕಡಿಮೆ ಪರಿಚಿತವಾದುದು. 1947ರಲ್ಲಿ ಭಾರತೀಯ ಮಾನಕ ಸಂಸ್ಥೆ ಸ್ಥಾಪನೆಯಾದಾಗ ಅದರ ಪ್ರಲೇಖನ ಸಮಿತಿಗೆ ಅವರು ಅಧ್ಯಕ್ಷರಾದರು. ಪ್ರಲೇಖನ ಎಂದರೆ ಲೇಖನಗಳು, ವರದಿಗಳು, ಪೇಟೆಂಟುಗಳು ಮುಂತಾದ ಬಿಡಿ ಬರಹಗಳನ್ನು ಗುರುತಿಸಿ ಸಂಶೋಧಕರಿಗೆ ಒದಗಿಸುವ ಸೇವೆ. ಆ ಸಮಿತಿಯು ಸೂಚೀಕರಣದ ಪಾರಿಭಾಷಿಕ ಪದಗಳಿಂದ ತೊಡಗಿ ಗ್ರಂಥಾಲಯ ಕಟ್ಟಡದ ವಿನ್ಯಾಸದವರೆಗೆ ಹಲವು ಮಾನಕಗಳನ್ನು ರೂಪಿಸಿತು. ಸಾಮಾನ್ಯ ಓದುಗನಿಗೆ ಇವು ಒಣ ದಾಖಲೆಗಳಂತೆ ತೋರಬಹುದು. ಆದರೆ ತಾಲ್ಲೂಕಿನ ಗ್ರಂಥಾಲಯದಲ್ಲಿ ಕಪಾಟು ಎಷ್ಟು ಎತ್ತರವಿರಬೇಕು, ಓದುವ ಮೇಜಿಗೆ ಬೆಳಕು ಯಾವ ಕಡೆಯಿಂದ ಬೀಳಬೇಕು ಎಂಬ ನಿರ್ಣಯವು ಯಾರೋ ಒಬ್ಬರ ಇಷ್ಟಕ್ಕೆ ಬಿಟ್ಟ ಸಂಗತಿಯಾಗಿ ಉಳಿಯದೆ, ಬಹುಜನರು ಕೂತು ಅಳೆದು ತೂಗಿದ ಮಾತಾಗಬೇಕು ಎಂಬುದೇ ಅವುಗಳ ಹುರುಳು. 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದ ರಂಗನಾಥನ್, 1962ರಲ್ಲಿ ಅಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ ಆರಂಭವಾದಾಗ ಗೌರವ ಪ್ರಾಧ್ಯಾಪಕರಾಗಿಯೇ ಅದನ್ನು ನಡೆಸಿದರು. ಅದಕ್ಕೂ ಮುನ್ನ ತಮ್ಮ ಉಳಿತಾಯದಿಂದ ಶಾರದಾ ರಂಗನಾಥನ್ ದತ್ತಿಯನ್ನು ಸ್ಥಾಪಿಸಿದರು. ಬೆಂಗಳೂರಿನಲ್ಲಿ ತರಬೇತಿ ಪಡೆದವರು ಕರ್ನಾಟಕದ ಗ್ರಂಥಾಲಯಗಳಿಗೆ ಹೋದಾಗ, ವೃತ್ತಿ ಎಂದರೆ ಸಂಶೋಧನೆಯನ್ನೂ ಒಳಗೊಂಡದ್ದು ಎಂಬ ನಂಬಿಕೆಯನ್ನು ಜೊತೆಗೆ ಒಯ್ದರು.

ಪಶ್ಚಿಮದಲ್ಲಿ ಈ ಪದ್ಧತಿಗೆ ಸಾಂಸ್ಥಿಕ ರೂಪ ದೊರೆತ ಬಗೆಯನ್ನು ಸಂಕ್ಷೇಪವಾಗಿ ಗಮನಿಸಬಹುದು. 1876ರಲ್ಲಿ ಹುಟ್ಟಿದ ಅಮೆರಿಕನ್ ಗ್ರಂಥಾಲಯ ಸಂಘವು 1968ರಲ್ಲಿ ಸಂಶೋಧನಾಸಕ್ತರಿಗಾಗಿಯೇ ಗ್ರಂಥಾಲಯ ಸಂಶೋಧನಾ ದುಂಡುಮೇಜಿನ ಕೂಟವನ್ನು ಸ್ಥಾಪಿಸಿತು. ಅದರ ಸದಸ್ಯರು ಸ್ವಯಂಸೇವಕರಾಗಿ ಸಮಿತಿಗಳಲ್ಲಿ ದುಡಿದು, ಜೆಸ್ಸಿ ಷೆರಾ ಅವರ ಹೆಸರಿನ ಪ್ರಶಸ್ತಿಗಳಿಗೆ ಅಧ್ಯಯನಗಳನ್ನು ಆರಿಸುತ್ತ ಬಂದಿದ್ದಾರೆ. ಭಾರತದಲ್ಲಿ 1933ರ ಭಾರತೀಯ ಗ್ರಂಥಾಲಯ ಸಂಘವೂ, 1955ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾದ ವಿಶೇಷ ಗ್ರಂಥಾಲಯಗಳ ಸಂಘವೂ ಸಮ್ಮೇಳನಗಳ ಮೂಲಕ ಈ ಕೆಲಸವನ್ನು ನಡೆಸಿಕೊಂಡು ಬಂದವು.

ಕರ್ನಾಟಕದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾನೂನು ದೊಡ್ಡ ತಿರುವು ತಂದಿತು. ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ ವಿಧಿಸಿ, ನಗರ ಮತ್ತು ಜಿಲ್ಲಾ ಗ್ರಂಥಾಲಯ ಪ್ರಾಧಿಕಾರಗಳನ್ನು ರಚಿಸಿ, ಗ್ರಂಥಪಾಲಕರನ್ನು ಸರ್ಕಾರದ ನೌಕರರನ್ನಾಗಿ ಮಾಡಿದ ಈ ಕಾನೂನಿನಿಂದ ನಂಜನಗೂಡು, ತಿ. ನರಸೀಪುರಗಳಂಥ ಊರುಗಳಿಗೆ ಸ್ಥಿರವಾದ ಗ್ರಂಥಾಲಯ ಸೇವೆ ದೊರೆಯುವಂತಾಯಿತು. ದಾನಿಗಳ ಮನಸ್ಸಿನ ಮೇಲೆ ನಿಂತಿದ್ದ ವಾಚನಾಲಯವು ಕಾನೂನಿನ ಮೇಲೆ ನಿಂತಿತು. ಈ ಲಾಭ ಅಲ್ಪವಲ್ಲ. ಆದರೆ ಸಮಿತಿ ಎಂಬುದು ಪ್ರಾಧಿಕಾರವಾದಾಗ ಅದರ ಮುಂದೆ ಬರುವ ವಿಷಯಗಳೂ ಬದಲಾದವು: ಕಟ್ಟಡ, ಖರೀದಿ, ಹುದ್ದೆ, ಕರವಸೂಲಿ ಇವೇ ಕಾರ್ಯಸೂಚಿಯನ್ನು ತುಂಬಿಕೊಂಡು, ಓದುಗನ ಕುರಿತ ಪ್ರಶ್ನೆಗಳಿಗೆ ಜಾಗ ಉಳಿಯಲಿಲ್ಲ. ಸಂಶೋಧನೆಯ ಹೊಣೆ ಬಹುಮಟ್ಟಿಗೆ ವಿಶ್ವವಿದ್ಯಾನಿಲಯಗಳ ಪಾಲಾಯಿತು.

ಮೈಸೂರು ನಗರದಲ್ಲಿ ಆ ಪಾಲು ಸಾರ್ಥಕವಾಗಿಯೇ ಸಂದಿತು. ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವನ್ನು ನೆಲೆಯಾಗಿಸಿಕೊಂಡು 1990ರ ದಶಕದಲ್ಲಿ ರೂಪುಗೊಂಡ ಮೈಲಿಬ್‌ನೆಟ್ ಎಂಬ ಗ್ರಂಥಾಲಯ ಜಾಲವು ನಗರದ ಸಂಸ್ಥೆಗಳು ತಮ್ಮಲ್ಲಿರುವ ನಿಯತಕಾಲಿಕೆಗಳನ್ನು ಪರಸ್ಪರ ಬಳಸಿಕೊಳ್ಳಬೇಕೆಂಬ ಉದ್ದೇಶದಿಂದ ಹುಟ್ಟಿತು. 2000ದ ಸುಮಾರಿಗೆ ಮೈಸೂರು ವಿಶ್ವವಿದ್ಯಾನಿಲಯದ ಗ್ರಂಥಾಲಯ ವಿಜ್ಞಾನ ವಿಭಾಗದಲ್ಲಿ ಶಾಲಿನಿ ಅರಸ್ ಅವರ ನೇತೃತ್ವದಲ್ಲಿ ಆರಂಭವಾದ ವಿದ್ಯಾನಿಧಿ ಯೋಜನೆಯು ಭಾರತೀಯ ವಿಶ್ವವಿದ್ಯಾನಿಲಯಗಳ ಪಿಎಚ್.ಡಿ. ಪ್ರಬಂಧಗಳನ್ನು ವಿದ್ಯುನ್ಮಾನ ರೂಪದಲ್ಲಿ ಸಂಗ್ರಹಿಸಲು ಹೊರಟಿತು. ರಾಷ್ಟ್ರಮಟ್ಟದಲ್ಲಿ ಶೋಧಗಂಗಾ ಭಂಡಾರ ತೆರೆದುಕೊಳ್ಳುವುದಕ್ಕೆ ಸುಮಾರು ಹತ್ತು ವರ್ಷ ಮೊದಲೇ, ಗ್ರಂಥಾಲಯ ವಿಜ್ಞಾನಿಗಳ ಒಂದು ಚಿಕ್ಕ ತಂಡ ಆ ದಾರಿಯನ್ನು ತೋರಿಸಿತ್ತು ಎಂಬುದು ಮೈಸೂರು ಸೀಮೆಯವರು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿ.

ತಾಲ್ಲೂಕು ಮಟ್ಟಕ್ಕೆ ಬಂದಾಗ ಚಿತ್ರ ಬೇರೆಯಾಗುತ್ತದೆ. ಪಟ್ಟಣದ ಶಾಖಾ ಗ್ರಂಥಾಲಯದವರು ಸಾರ್ವಜನಿಕ ಗ್ರಂಥಾಲಯ ಇಲಾಖೆಗೆ ಸೇರಿದವರು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾಗಿ, ಅನಂತರ ಅರಿವು ಕೇಂದ್ರಗಳೆಂಬ ಹೆಸರು ಪಡೆದುದರಿಂದ ಅಲ್ಲಿನ ಮೇಲ್ವಿಚಾರಕರು ಆ ಇಲಾಖೆಯ ಅಧೀನದಲ್ಲಿದ್ದಾರೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಗ್ರಂಥಪಾಲಕರು ಕಾಲೇಜು ಶಿಕ್ಷಣ ಇಲಾಖೆಯವರು. ಖಾಸಗಿ ವಿದ್ಯಾಸಂಸ್ಥೆಗಳ ಗ್ರಂಥಪಾಲಕರು, ಸುತ್ತೂರಿನ ಮಠದ ಆಶ್ರಯದಲ್ಲಿ 1954ರಲ್ಲಿ ಸ್ಥಾಪನೆಯಾದ ಜೆ.ಎಸ್.ಎಸ್. ಮಹಾವಿದ್ಯಾಪೀಠದ ಸಂಸ್ಥೆಗಳವರೂ ಸೇರಿದಂತೆ, ಆಯಾ ಆಡಳಿತ ಮಂಡಳಿಗೆ ಉತ್ತರ ಹೇಳುವವರು. ಒಂದೇ ಊರಿನ ಒಂದೇ ಓದುಗ ಬೆಳಿಗ್ಗೆ ಕಾಲೇಜಿನ ಗ್ರಂಥಾಲಯಕ್ಕೂ ಸಂಜೆ ಶಾಖಾ ಗ್ರಂಥಾಲಯಕ್ಕೂ ರಜೆಯಲ್ಲಿ ತನ್ನ ಹಳ್ಳಿಯ ಅರಿವು ಕೇಂದ್ರಕ್ಕೂ ಹೋಗುತ್ತಾನೆ; ಅವನಿಗೆ ಸೇವೆ ನೀಡುವ ಮೂವರು ಯಾವುದೇ ಕಚೇರಿ ಸಭೆಯಲ್ಲಿ ಒಟ್ಟಿಗೆ ಕೂರುವ ಸಂದರ್ಭವಿಲ್ಲ. ಅವರನ್ನು ಒಂದೇ ಮೇಜಿನ ಸುತ್ತ ತರಬಲ್ಲದ್ದು ವೃತ್ತಿಬಾಂಧವರ ಸ್ವಯಂಸೇವಾ ಸಮಿತಿ ಮಾತ್ರ.

ಅಂಥ ಸಮಿತಿಗೆ ಈ ಸೀಮೆಯಲ್ಲಿ ಕೆಲಸಕ್ಕೆ ಕೊರತೆಯಿಲ್ಲ. ಶಾಸನಗಳನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ರೈಸ್ ಅವರು ತಾಲ್ಲೂಕಿನ ಹೆಸರಿನ ಸಂಕ್ಷಿಪ್ತ ರೂಪಕ್ಕೆ ಕ್ರಮಸಂಖ್ಯೆಯನ್ನು ಜೋಡಿಸಿ ಪ್ರತಿ ಶಾಸನವನ್ನು ಗುರುತಿಸಿದರು. ಆ ಸಂಖ್ಯೆಗಳನ್ನೇ ಉಲ್ಲೇಖಿಸಿ ಹಲವು ದಶಕಗಳ ಕಾಲ ಪುಸ್ತಕಗಳು ಬಂದವು. ರೈಸ್ ಅವರ ಸಂಪುಟದ ಅನಂತರ ದೊರೆತ ಶಾಸನಗಳು ಮೈಸೂರು ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿಗಳಲ್ಲಿ ಚದುರಿಕೊಂಡವು. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಎಪಿಗ್ರಾಫಿಯಾ ಕರ್ನಾಟಿಕಾದ ಪರಿಷ್ಕೃತ ಆವೃತ್ತಿಯನ್ನು ಕೈಗೊಂಡಾಗ, ನಂಜನಗೂಡಿನ ಶಾಸನಗಳು 1974ರ ಮೂರನೆಯ ಸಂಪುಟಕ್ಕೂ ತಿ. ನರಸೀಪುರದವು 1976ರ ಐದನೆಯ ಸಂಪುಟಕ್ಕೂ ಹಂಚಿಹೋಗಿ ಹೊಸ ಸಂಖ್ಯೆಗಳನ್ನು ಪಡೆದವು. ಪರಿಷ್ಕರಣವು ವಿದ್ವತ್ತಿನ ದೊಡ್ಡ ಸಾಧನೆ. ಆದರೆ ತನ್ನೂರಿನ ವೀರಗಲ್ಲಿನ ಬಗ್ಗೆ ಹಳೆಯ ಪುಸ್ತಕವೊಂದರಲ್ಲಿ ಓದಿದ ಹಳ್ಳಿಯ ಉಪಾಧ್ಯಾಯರು ಅಲ್ಲಿನ ಸಂಖ್ಯೆಯನ್ನು ಹಿಡಿದು ಹೊಸ ಸಂಪುಟವನ್ನು ತೆರೆದರೆ ಅವರಿಗೆ ಸಿಗುವುದು ಬೇರೊಂದು ಊರಿನ ಶಾಸನ. ಹಳೆಯ ಸಂಖ್ಯೆ, ಹೊಸ ಸಂಖ್ಯೆ, ವಾರ್ಷಿಕ ವರದಿಯ ಪುಟ, ಊರಿನ ಹಳೆಯ ಮತ್ತು ಇಂದಿನ ಹೆಸರು, ಕಲ್ಲು ಈಗ ಇರುವ ಜಾಗ ಇವನ್ನು ಒಂದೇ ಸಾಲಿನಲ್ಲಿ ಇಡುವ ಹೊಂದಾಣಿಕೆ ಪಟ್ಟಿಯನ್ನು ಗ್ರಾಮವಾರಾಗಿ ಸಿದ್ಧಪಡಿಸುವುದಕ್ಕೆ ಶಾಸನ ಓದುವ ಪಾಂಡಿತ್ಯ ಬೇಕಿಲ್ಲ. ಸೂಚೀಕರಣದ ಶಿಸ್ತು ಬೇಕು, ಊರೂರಿನ ಪರಿಚಯ ಬೇಕು. ಮೊದಲನೆಯದು ಕಾಲೇಜಿನ ಗ್ರಂಥಪಾಲಕರಲ್ಲಿದೆ, ಎರಡನೆಯದು ಅರಿವು ಕೇಂದ್ರದ ಮೇಲ್ವಿಚಾರಕರಲ್ಲಿದೆ. ಇಬ್ಬರೂ ಕೂಡದೆ ಈ ಪಟ್ಟಿ ಆಗುವುದಿಲ್ಲ.

ಇದೇ ರೀತಿಯಲ್ಲಿ ಎರಡು ತಾಲ್ಲೂಕುಗಳಿಗೆ ಸಂಬಂಧಿಸಿದ ಪುಸ್ತಕ, ಲೇಖನ, ಪಿಎಚ್.ಡಿ. ಪ್ರಬಂಧಗಳ ಗ್ರಂಥಸೂಚಿಯನ್ನೂ ಯೋಚಿಸಬಹುದು. ಬದನವಾಳಿನ ಖಾದಿ ಕೇಂದ್ರ, ನಂಜನಗೂಡಿನ ರಸಬಾಳೆ, ತಲಕಾಡಿನ ಉತ್ಖನನ, ದೇವನೂರ ಮಹಾದೇವ ಅವರ ಕೃತಿಗಳನ್ನು ಕುರಿತ ವಿಮರ್ಶೆ, 2023ರಲ್ಲಿ ಸೋಮನಾಥಪುರವು ಬೇಲೂರು ಹಳೇಬೀಡುಗಳೊಂದಿಗೆ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಬಂದ ಬರಹಗಳು ಇವೆಲ್ಲವೂ ಬೇರೆ ಬೇರೆ ಶಾಸ್ತ್ರಗಳ ಹೆಸರಿನಲ್ಲಿ ಬೇರೆ ಬೇರೆ ಕಪಾಟುಗಳಲ್ಲಿವೆ. ಕಾಲೇಜು ಗ್ರಂಥಾಲಯಗಳಿಗೆ 2010ರಿಂದ ಲಭ್ಯವಾದ ಎನ್-ಲಿಸ್ಟ್ ಸೌಲಭ್ಯದಿಂದ ದೂರದ ನಿಯತಕಾಲಿಕೆಗಳು ತಾಲ್ಲೂಕು ಕೇಂದ್ರದಲ್ಲೇ ಓದಲು ಸಿಗುತ್ತಿರುವಾಗ, ತನ್ನ ತಾಲ್ಲೂಕಿನ ಬಗ್ಗೆ ಏನು ಬರೆಯಲಾಗಿದೆ ಎಂಬುದು ಅಲ್ಲಿನ ವಿದ್ಯಾರ್ಥಿಗೇ ತಿಳಿಯದಿರುವುದು ಸಲ್ಲದು.

ಸ್ವಯಂಸೇವೆಯನ್ನು ಹೊಗಳುವಾಗ ಅದರ ಭಾರ ಯಾರ ಮೇಲೆ ಬೀಳುತ್ತದೆ ಎಂಬುದನ್ನು ಮರೆಯಬಾರದು. ವಿಶ್ವವಿದ್ಯಾನಿಲಯ ಅನುದಾನ ಆಯೋಗದ ನಿಯಮಗಳ ಅಡಿಯಲ್ಲಿ ವೇತನಶ್ರೇಣಿ ಪಡೆಯುವ ಗ್ರಂಥಪಾಲಕರಿಗೆ ಸಮಿತಿಯ ಕೆಲಸವು ವೃತ್ತಿಯ ಏಳಿಗೆಗೂ ನೆರವಾದೀತು; ಅಲ್ಪ ವೇತನದಲ್ಲಿ ಒಬ್ಬರೇ ಬಾಗಿಲು ತೆರೆದು, ಕಸ ಗುಡಿಸಿ, ಮಕ್ಕಳಿಗೆ ಕತೆ ಓದಿ ಹೇಳುವ ಹಳ್ಳಿಯ ಮೇಲ್ವಿಚಾರಕರಿಗೆ ಒಂದು ಸಭೆಗೆ ಬರುವುದೆಂದರೆ ಬಸ್ಸಿನ ಖರ್ಚು ಮತ್ತು ಒಂದು ದಿನದ ಮನೆಗೆಲಸ. ಅವರಿಂದ ಮಾಹಿತಿ ಪಡೆದು, ಪ್ರಕಟಣೆಯಲ್ಲಿ ಅವರ ಹೆಸರನ್ನು ಕೈಬಿಡುವ ಅಭ್ಯಾಸ ನಮ್ಮ ಸಂಶೋಧನಾ ಲೋಕದಲ್ಲಿ ಇದ್ದೇ ಇದೆ. ಪ್ರಯಾಣದ ವೆಚ್ಚವನ್ನು ಸಮಿತಿಯು ಭರಿಸುವುದು, ಸಭೆಯನ್ನು ಸರದಿಯಂತೆ ನಂಜನಗೂಡಿನಲ್ಲೊಮ್ಮೆ ತಿ. ನರಸೀಪುರದಲ್ಲೊಮ್ಮೆ ನಡೆಸುವುದು, ನಡವಳಿಯನ್ನು ಕನ್ನಡದಲ್ಲೇ ಬರೆದು ಎಲ್ಲರಿಗೂ ಕಳುಹಿಸುವುದು, ಪಟ್ಟಿಯ ಪ್ರತಿ ನಮೂದಿನ ಎದುರು ಅದನ್ನು ತಂದುಕೊಟ್ಟವರ ಹೆಸರನ್ನು ದಾಖಲಿಸುವುದು ಇವು ಆ ಅಭ್ಯಾಸಕ್ಕೆ ಪ್ರತಿಯಾಗಿ ಕೈಗೊಳ್ಳಬೇಕಾದ ಕನಿಷ್ಠ ಕ್ರಮಗಳು.

ಸಮಿತಿಯ ಕಾರ್ಯವಿಧಾನದ ವಿಚಾರದಲ್ಲೂ ಹಳೆಯ ಕೂಟಗಳ ಅನುಭವ ಉಪಯುಕ್ತ. ದೆಹಲಿಯ ಸಂಶೋಧನಾ ವೃತ್ತವೂ ಲಂಡನ್ನಿನ ಗುಂಪೂ ಪದಾಧಿಕಾರಿ ಚುನಾವಣೆಯ ಸುತ್ತ ಬೆಳೆಯಲಿಲ್ಲ; ಮುಂದಿನ ಸಭೆಗೆ ಯಾರು ಯಾವ ತೊಡಕನ್ನು ಬರೆದು ತರಬೇಕು ಎಂಬುದರ ಸುತ್ತ ಬೆಳೆದವು. ನಂಜನಗೂಡು, ತಿ. ನರಸೀಪುರಗಳ ಗ್ರಂಥಪಾಲಕರು ಕೂಡಿದಾಗ ಮೇಜಿನ ಮೇಲೆ ಮೊದಲು ಇಡಬೇಕಾದುದು 1894ರ ಸಂಪುಟ, ಪರಿಷ್ಕೃತ ಮೂರನೆಯ ಮತ್ತು ಐದನೆಯ ಸಂಪುಟಗಳು, ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿಗಳು ಮತ್ತು ಎರಡು ತಾಲ್ಲೂಕುಗಳ ಗ್ರಾಮಗಳ ಯಾದಿ. ಒಬ್ಬೊಬ್ಬರೂ ತಮ್ಮ ಹೋಬಳಿಯನ್ನು ವಹಿಸಿಕೊಂಡು, ಸಂಖ್ಯೆಗಳನ್ನು ಗ್ರಂಥಾಲಯದಲ್ಲಿ ತಾಳೆ ನೋಡಿ, ಕಲ್ಲುಗಳನ್ನು ಊರಿನಲ್ಲಿ ಹುಡುಕಿ, ಇನ್ನೊಬ್ಬರ ಹೋಬಳಿಯ ಪಟ್ಟಿಯನ್ನು ಪರಿಶೀಲಿಸಿಕೊಟ್ಟರೆ, ಸಿದ್ಧವಾದ ಪಟ್ಟಿಯ ಮುದ್ರಿತ ಪ್ರತಿಗಳನ್ನು ಎರಡೂ ಪಟ್ಟಣಗಳ ಶಾಖಾ ಗ್ರಂಥಾಲಯಗಳಲ್ಲಿಯೂ ಕಾಲೇಜುಗಳಲ್ಲಿಯೂ ಪ್ರತಿ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿಯೂ ಓದುಗರ ಕೈಗೆಟುಕುವಂತೆ ಇರಿಸಬಹುದು.